ನಮ್ಮ ಶಾಲೆಯೂ ನಮ್ಮೂರ ಸೈನಿಕರೂ

ಶತಮಾನೋತ್ಸವ ಸಮಿತಿಯ ಮೊದಲ ಸಭೆಯಲ್ಲಿ ನಾವು ಕೈಗೊಂಡ ನಿರ್ಣಯಗಳಲ್ಲಿ ಒಂದು, ಈ ಶಾಲೆಯಲ್ಲಿ ಕಲಿತು ಸೈನ್ಯದಲ್ಲಿ ಸೇವೆ ಸಲ್ಲಿಸಿದ ಎಲ್ಲರನ್ನೂ ಸಮಾರಂಭದ ದಿನ ಸತ್ಕರಿಸಬೇಕು ಎಂಬುದಾಗಿತ್ತು. ಯಾರ ವಿರೋಧವೂ ಇರಲಿಲ್ಲ. ಎಷ್ಟು ಶಾಲು ತರಿಸಬೇಕು ಎಂಬ ಪ್ರಶ್ನೆ ಬಂದಾಗ ಮಾತ್ರ ಸಭೆ ಸುಮ್ಮನಾಯಿತು. ಒಬ್ಬರು ಹದಿನೈದು ಎಂದರು. ಇನ್ನೊಬ್ಬರು ನಲವತ್ತಕ್ಕೂ ಸಾಲದು ಎಂದರು. ಶಾಲೆಯ ಜನರಲ್ ರಜಿಸ್ಟರನ್ನು ತರಿಸಿ ನೋಡಿದೆವು. ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ತಾರೀಖು, ಶಾಲೆಗೆ ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ, ಎಲ್ಲಕ್ಕೂ ಅದರಲ್ಲಿ ಅಂಕಣಗಳಿವೆ. ಬಿಟ್ಟ ಮೇಲೆ ಏನಾದನೆಂಬುದಕ್ಕೆ ಅಂಕಣವಿಲ್ಲ. ಕಾರಣದ ಅಂಕಣದಲ್ಲಿ ಅಲ್ಲಲ್ಲಿ ‘ಪರಸ್ಥಳಕ್ಕೆ’ ಎಂದಷ್ಟೇ ಬರೆದಿದೆ. ಆ ಪರಸ್ಥಳ ಕೆಲವರಿಗೆ ಬೆಳಗಾವಿಯ ದಂಡಿನ ಪ್ರದೇಶವಾಗಿತ್ತೆಂಬುದು ನಮಗೆ ಗೊತ್ತಾದದ್ದು ಅನಂತರ.

ಆದಕಾರಣ ನಾವು ಮೂರು ತಿಂಗಳ ಕಾಲ ಮನೆ ಮನೆ ತಿರುಗಬೇಕಾಯಿತು. ಇಬ್ಬರು ಶಿಕ್ಷಕರು, ಮೂವರು ಹಳೆಯ ವಿದ್ಯಾರ್ಥಿಗಳು, ದಾರಿ ತೋರಿಸಲು ಒಬ್ಬ ನಿವೃತ್ತ ಹವಾಲ್ದಾರರು. ಅಟ್ಟದ ಮೇಲಿನ ಕಬ್ಬಿಣದ ಟ್ರಂಕುಗಳು ಕೆಳಗಿಳಿದವು. ಡಿಸ್ಚಾರ್ಜ್ ಪುಸ್ತಕಗಳು, ಬಣ್ಣಗೆಟ್ಟ ರಿಬ್ಬನ್ನಿನ ಪದಕಗಳು, ಮಡಿಕೆಗಳಲ್ಲಿ ಹರಿದ ಇನ್‌ಲ್ಯಾಂಡ್ ಪತ್ರಗಳು ಹೊರಬಂದವು. ಈ ಲೇಖನ ಆ ತಿರುಗಾಟದ ಫಲ. ಯುದ್ಧಗಳ ಚರಿತ್ರೆಯನ್ನು ಬಲ್ಲವರು ಬರೆದಿದ್ದಾರೆ. ಸೈನ್ಯದಿಂದ ಮರಳಿ ಬಂದವನಿಗೂ ಮರಳದವನ ಮನೆಗೂ ಊರು ಏನು ಮಾಡಿತು, ಅದರಲ್ಲೂ ಈ ಕನ್ನಡ ಶಾಲೆ ಏನು ಮಾಡಿತು, ಏನನ್ನು ಮಾಡದೆ ಬಿಟ್ಟಿತು ಎಂಬುದಷ್ಟೇ ನಮ್ಮ ವಿಷಯ.

ದೂರದ ಪಟ್ಟಣಗಳಲ್ಲಿ ಬೆಳೆದ ನಮ್ಮ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗಾಗಿ ನೆಲದ ಬಗೆಗೆ ಎರಡು ಮಾತು. ಜತ್ ತಾಲೂಕಿನ ಪೂರ್ವಭಾಗ, ಎಂದರೆ ಸಂಖ, ಉಮದಿ, ಮಾಡಗ್ಯಾಳದ ಸುತ್ತಲಿನ ಸೀಮೆ, ಮನೆಯಲ್ಲಿ ಕನ್ನಡವನ್ನೂ ಕಚೇರಿಯಲ್ಲಿ ಮರಾಠಿಯನ್ನೂ ಆಡುವ ಸೀಮೆ. ಮೊದಲು ಇದು ಡಫಳೆ ಮನೆತನದ ಜತ್ ಸಂಸ್ಥಾನ. 1948ರ ಮಾರ್ಚ್ 8ರಂದು ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ದಕ್ಷಿಣ ಸಾತಾರಾ ಎಂದು ಕರೆಯುತ್ತಿದ್ದ ಜಿಲ್ಲೆಗೆ 1960ರಲ್ಲಿ ಸಾಂಗಲಿ ಎಂಬ ಹೆಸರು ಬಂದಿತು. ಆಳುವವರು ಬದಲಾದರೂ ಮಳೆ ಬದಲಾಗಲಿಲ್ಲ. ಹಿಂಗಾರಿ ಜೋಳ ಕೈಗೆ ಬಂದರೆ ವರ್ಷ ಕಳೆಯಿತು, ಬಾರದಿದ್ದರೆ ಕುರಿ ಮಾರಬೇಕು, ಇಲ್ಲವೆ ಪಶ್ಚಿಮದ ಕಡೆಗೆ ಕಬ್ಬು ಕಡಿಯಲು ಹೋಗಬೇಕು. ಗಟ್ಟಿಮುಟ್ಟಾದ ಹುಡುಗನಿಗೆ ಮೂರನೆಯ ದಾರಿಯೊಂದಿತ್ತು. ಸಭೆಗಳಲ್ಲಿ ಭಾಷಣ ಮಾಡುವ ನಾವು ಅದನ್ನು ದೇಶಭಕ್ತಿಯೆನ್ನುತ್ತೇವೆ. ಆ ದಾರಿ ಹಿಡಿದ ಹಿರಿಯರೊಬ್ಬರು, “ಹೊಟ್ಟಿ ಸಲುವಾಗಿ ಹೋದ್ವಿರಿ, ಅಲ್ಲಿ ಹೋದಮ್ಯಾಗ ದೇಶ ತಿಳೀತು” ಎಂದರು. ಇದಕ್ಕಿಂತ ಸರಿಯಾದ ವಿವರಣೆ ನಮಗೆ ಬೇರೆಲ್ಲಿಯೂ ಸಿಗಲಿಲ್ಲ.

ಜತ್ ರೋಡ್ ನಿಲ್ದಾಣದಿಂದ ಸಣ್ಣ ರೈಲು ಹಿಡಿದು ಮಿರಜ, ಮಿರಜದಲ್ಲಿ ಗಾಡಿ ಬದಲಿಸಿ ಬೆಳಗಾವಿ. ಹಿಂದಿನವರು ಭರ್ತಿಯಾಗಲು ಹೋದದ್ದು ಹೀಗೆ. 1922ರ ಪುನರ್ರಚನೆಯ ಕಾಲದಿಂದ ಮರಾಠಾ ಲೈಟ್ ಇನ್‌ಫಂಟ್ರಿಯ ತರಬೇತಿ ಕೇಂದ್ರ ಬೆಳಗಾವಿಯಲ್ಲಿದೆ. 1941ರ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಪಲ್ಟಣವನ್ನು ಕಟ್ಟಿದ್ದೂ ಬೆಳಗಾವಿಯಲ್ಲಿಯೇ. ಈ ಎರಡನೆಯ ಸಂಗತಿಯ ಬಳಿ ಒಂದು ಗಳಿಗೆ ನಿಲ್ಲಬೇಕು. ಯಾವ ಕೇರಿಯ ಮಕ್ಕಳನ್ನು ಒಂದು ಕಾಲದಲ್ಲಿ ನಮ್ಮ ಶಾಲೆಯ ಜಗುಲಿಯ ಮೇಲೆ ಬೇರೆ ಕೂರಿಸುತ್ತಿದ್ದರೋ ಆ ಕೇರಿಯವರು ಸಮವಸ್ತ್ರ ತೊಟ್ಟು ರಜೆಗೆ ಬಂದಾಗ ಊರಿನ ನೋಟ ಬದಲಾಗತೊಡಗಿತು. ಒಮ್ಮೆಗೇ ಬದಲಾಯಿತೆಂದು ಹೇಳಿದರೆ ಸುಳ್ಳಾದೀತು. ಆದರೂ ಪಿಂಚಣಿ ಬರುವ ಮನೆಯ ಹುಡುಗನ ಶುಲ್ಕವನ್ನು, ಅವನ ಪಾಟಿಯನ್ನು, ಅವನು ಕೂರುವ ಜಾಗವನ್ನು ಯಾರೂ ಹಗುರವಾಗಿ ಕಾಣುವಂತಿರಲಿಲ್ಲ ಎಂದು ಆ ಮನೆಯವರೇ ನಮಗೆ ಹೇಳಿದರು.

ನಮ್ಮ ಶಾಲೆ ಆರಂಭವಾದಾಗ ಮೊದಲನೆಯ ಮಹಾಯುದ್ಧ ಮುಗಿದು ಬಹಳ ವರ್ಷಗಳಾಗಿರಲಿಲ್ಲ. ಆ ಯುದ್ಧದಲ್ಲಿ ಮರಾಠಾ ಪಲ್ಟಣಗಳು ಮೆಸೊಪೊಟೇಮಿಯಾದ ಕೂತ್ ನಗರದಲ್ಲಿ ತಿಂಗಳುಗಟ್ಟಲೆ ಮುತ್ತಿಗೆಗೆ ಸಿಕ್ಕಿ, ಕುದುರೆ ಮಾಂಸದ ಮೇಲೆ ಬದುಕುವ ಸ್ಥಿತಿಗೆ ಬಂದು, 1916ರ ಏಪ್ರಿಲ್ 29ರಂದು ಸೆರೆಯಾದವು. ಸಾತಾರಾ ಜಿಲ್ಲೆಯ ಆಪಶಿಂಗೆ ಎಂಬ ಒಂದೇ ಹಳ್ಳಿಯಿಂದ ಆ ಮಹಾಯುದ್ಧದಲ್ಲಿ 46 ಮಂದಿ ಮಡಿದರು. ಇಂದಿಗೂ ಅದನ್ನು ‘ಆಪಶಿಂಗೆ ಮಿಲಿಟರಿ’ ಎಂದೇ ಕರೆಯುತ್ತಾರೆ. ಅಲ್ಲಿ ಸ್ಮಾರಕವಿದೆ, ಲೆಕ್ಕವಿದೆ. ನಮ್ಮ ಸೀಮೆಯ ಹಳ್ಳಿಗಳಿಂದ ಒಬ್ಬೊಬ್ಬರಾಗಿ ಹೋದವರಿಗೆ ಸ್ಮಾರಕವಿಲ್ಲ. ಮೆಸೊಪೊಟೇಮಿಯಾದಲ್ಲಿ ಸಮಾಧಿಯೂ ಸಿಗದೆ ಮಡಿದ 40 ಸಾವಿರಕ್ಕೂ ಹೆಚ್ಚು ಮಂದಿಗಾಗಿ ಬಸ್ರಾದಲ್ಲಿ ಕಟ್ಟಿದ ಸ್ಮಾರಕದ ಗೋಡೆಯಲ್ಲಿಯೂ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಕೊರೆದು, ಭಾರತೀಯ ಸಾಮಾನ್ಯ ಸಿಪಾಯಿಗಳನ್ನು ಪಲ್ಟಣವಾರು ಸಂಖ್ಯೆಯಾಗಿ ಮಾತ್ರ ನಮೂದಿಸಿದರು. ಹೆಸರಿನ ಈ ಪ್ರಶ್ನೆ ನಮ್ಮ ತಿರುಗಾಟದ ಉದ್ದಕ್ಕೂ ಬೇರೆ ಬೇರೆ ರೂಪದಲ್ಲಿ ಎದುರಾಯಿತು.

ಎರಡನೆಯ ಮಹಾಯುದ್ಧಕ್ಕೆ ಹೋದವರಲ್ಲಿ ಈ ಶಾಲೆಯಲ್ಲಿ ಕಲಿತವರಿದ್ದರು. ಆಗಿನ ಮರಾಠಾ ಪಲ್ಟಣಗಳು ಎರಿಟ್ರಿಯಾದ ಕೆರೆನ್ ಬೆಟ್ಟಗಳಿಂದ ಇಟಲಿಯವರೆಗೆ ಹೋರಾಡಿದವು. ಇಟಲಿಯಲ್ಲಿ ಯಶವಂತ ಘಾಡಗೆ ಮತ್ತು ನಾಮದೇವ ಜಾಧವ ಎಂಬಿಬ್ಬರಿಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಘಾಡಗೆಯವರಿಗೆ ಅದು ಮರಣಾನಂತರ ಸಂದಿತು. ಮಕ್ಕಳ ಪಾಠಗಳಲ್ಲಿ ಇಂಥ ವೀರರ ಕಥೆ ಬರುತ್ತದೆ, ಬರಬೇಕು. ಬಾರದಿರುವ ಕಥೆ ಮತ್ತೊಂದಿದೆ. ಯುದ್ಧಕ್ಕೆಂದು ಲಕ್ಷಾಂತರ ಜನರನ್ನು ತುಂಬಿಕೊಂಡಿದ್ದ ಸೈನ್ಯ, ಯುದ್ಧ ಮುಗಿದ ಮೇಲೆ ಅವರನ್ನು ಬಿಡುಗಡೆ ಮಾಡಿತು. ಪಿಂಚಣಿಗೆ ಬೇಕಾಗಿದ್ದದ್ದು ಹದಿನೈದು ವರ್ಷಗಳ ಸೇವೆ. ಇವರದು ನಾಲ್ಕು, ಐದು, ಆರು ವರ್ಷ. ಕೈಗೆ ಒಂದಿಷ್ಟು ಇಡಿಗಂಟು, ಮೈಮೇಲೆ ಒಂದು ಕೋಟು, ಎದೆಯ ಮೇಲೆ ಪದಕ. ಊರಿಗೆ ಬಂದು ಮತ್ತೆ ನೇಗಿಲು ಹಿಡಿದರು. ಹಾಗೆ ಬಂದ ಒಬ್ಬರನ್ನು ನಮ್ಮಲ್ಲಿ ಹಿರಿಯರಾದವರು ಚಿಕ್ಕಂದಿನಲ್ಲಿ ಕಂಡಿದ್ದಾರೆ. ಚಳಿಗಾಲದ ಬೆಳಿಗ್ಗೆ ಅದೇ ಕೋಟು ತೊಟ್ಟು ಕುರಿ ಕಾಯುತ್ತಿದ್ದ ಅವರನ್ನು ಹುಡುಗರು ‘ಇಟಲಿ ಮುತ್ಯಾ’ ಎಂದು ಕೂಗಿ ಓಡುತ್ತಿದ್ದರು. ಆ ಹುಡುಗರಲ್ಲಿ ನಾವೂ ಇದ್ದೆವು.

ಇದನ್ನು ಬರೆಯುವಾಗ ನಾಚಿಕೆಯಾಗುವ ಒಂದು ಕಾರಣವಿದೆ. ಪ್ರತಿ ವರ್ಷ ಡಿಸೆಂಬರ್ 7ರಂದು ನಾವು ಧ್ವಜಗಳನ್ನು ಮಾರುತ್ತಿದ್ದೆವು. ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆ 1949ರಲ್ಲಿ ಆರಂಭವಾಯಿತು. ಯುದ್ಧದಲ್ಲಿ ಗಾಯಗೊಂಡವರ ಪುನರ್ವಸತಿ, ಸೈನಿಕರ ಹಾಗೂ ಅವರ ಕುಟುಂಬಗಳ ಕ್ಷೇಮ, ಸೇವೆ ಮುಗಿಸಿದವರಿಗೆ ನೆಲೆ ಎಂಬ ಮೂರು ಉದ್ದೇಶಗಳಿಗಾಗಿ ಜನರಿಂದ ಹಣ ಕೂಡಿಸುವ ದಿನವದು. ಶಾಲೆಗೆ ಇಷ್ಟು ಧ್ವಜಗಳೆಂದು ಮೇಲಿನಿಂದ ಕಟ್ಟು ಬರುತ್ತಿತ್ತು: ಕೆಂಪು, ಕಡುನೀಲಿ, ತಿಳಿನೀಲಿಯ ಪಟ್ಟೆಗಳ ಪುಟ್ಟ ಕಾಗದಗಳು, ಜೊತೆಗೆ ಗುಂಡುಸೂಜಿ. ಮಾಸ್ತರರು ತರಗತಿವಾರು ಹಂಚುತ್ತಿದ್ದರು. ಸಂತೆಯ ದಿನ ಬಂದರೆ ನಮ್ಮ ಸಂಭ್ರಮ ಹೇಳತೀರದು. ಬೆಲ್ಲದ ಅಂಗಡಿಯಿಂದ ದನದ ಬಜಾರದವರೆಗೆ ಓಡಾಡಿ ಎಲ್ಲರ ಅಂಗಿಗೆ ಚುಚ್ಚುತ್ತಿದ್ದೆವು. ಉಳಿದ ಧ್ವಜಗಳ ಹಣವನ್ನು ಮಾಸ್ತರರು ತಮ್ಮ ಪಗಾರದಿಂದ ಭರ್ತಿ ಮಾಡುತ್ತಿದ್ದರೆಂಬುದು ನಮಗೆ ತಿಳಿದದ್ದು ನಾವೇ ಮಾಸ್ತರರಾದ ಮೇಲೆ. ಹಣ ಜಿಲ್ಲೆಗೆ ಹೋಗುತ್ತಿತ್ತು. ಯಾರಿಗಾಗಿ ಆ ಹಣವೋ ಅಂಥ ಒಬ್ಬರು ಅದೇ ಸಂತೆಯಲ್ಲಿ ಕುರಿ ಮಾರುತ್ತ ನಿಂತಿದ್ದರು. ಅವರಿಗೂ ಒಂದು ಧ್ವಜ ಚುಚ್ಚಿ ಹತ್ತು ಪೈಸೆ ಇಸಿದುಕೊಂಡ ನೆನಪು ನಮ್ಮಲ್ಲೊಬ್ಬರಿಗಿದೆ. ಅವರು ಕೊಟ್ಟರು, ಏನೂ ಹೇಳಲಿಲ್ಲ.

ಪಿಂಚಣಿಯಿಲ್ಲದ ಇಂಥ ವೃದ್ಧ ಸೈನಿಕರಿಗೂ ಅವರ ವಿಧವೆಯರಿಗೂ ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ಸಹಾಯಧನ ಸಿಗುವ ವ್ಯವಸ್ಥೆ ಇದೆ. ಮೊದಲ ಮಹಾಯುದ್ಧದ ಬೆನ್ನಿಗೆ ಹುಟ್ಟಿದ ಸೈನಿಕ ಮಂಡಳಿಗೆ 1975ರಲ್ಲಿ ಈ ಹೆಸರು ಬಂದಿತು. ಅದರ ಕೈಕೆಳಗೆ ರಾಜ್ಯಕ್ಕೊಂದು ಇಲಾಖೆ, ಜಿಲ್ಲೆಗೊಂದು ಸೈನಿಕ ಕಲ್ಯಾಣ ಕಚೇರಿ. ಎರಡನೆಯ ಮಹಾಯುದ್ಧದವರಿಗೆ ಮಹಾರಾಷ್ಟ್ರ ಸರ್ಕಾರವೂ ಮಾಸಾಶನ ಕೊಡುತ್ತದೆ. ‘ಇಟಲಿ ಮುತ್ಯಾ’ ಇವುಗಳಲ್ಲಿ ಒಂದಕ್ಕೂ ಅರ್ಜಿ ಹಾಕಲಿಲ್ಲ. ಹಾಕಬಹುದೆಂದು ಅವರಿಗೆ ಹೇಳಿದವರಿರಲಿಲ್ಲ. ಹೇಳಬಹುದಾಗಿದ್ದವರು ನಾವು.

ಇಷ್ಟು ಹೇಳಿದ ಮೇಲೆ, ಶಾಲೆ ಮಾಡಿದ್ದನ್ನೂ ಹೇಳುವ ಅಧಿಕಾರ ನಮಗಿದೆ ಎಂದುಕೊಳ್ಳುತ್ತೇವೆ. ಅದು ಯಾವ ದಾಖಲೆಯಲ್ಲಿಯೂ ಇಲ್ಲದ ಕೆಲಸ: ಕಾಗದ ಓದುವುದು, ಕಾಗದ ಬರೆಯುವುದು.

ಬಹಳ ಕಾಲದವರೆಗೆ ಊರಲ್ಲಿ ಓದುಬರಹ ಬಲ್ಲವರು ಕಡಿಮೆ. ಇಂಗ್ಲಿಷು ಬಲ್ಲವರು ಮುಖ್ಯಾಧ್ಯಾಪಕರೊಬ್ಬರೇ. ಅಂಚೆಯವನು ಸೈನಿಕರ ಮನೆಯ ಕಾಗದಗಳನ್ನು ನೇರವಾಗಿ ಶಾಲೆಗೆ ತರುತ್ತಿದ್ದನು. ಮಧ್ಯಾಹ್ನದ ವಿರಾಮದಲ್ಲಿ ತಂದೆಯೋ ತಾಯಿಯೋ ಬಂದು ಬೇವಿನ ಮರದ ಕೆಳಗೆ ಕೂರುವರು. ಹುಡುಗ ಇದೇ ಶಾಲೆಯಲ್ಲಿ ತಿದ್ದಿದ ಅಕ್ಷರದಲ್ಲಿ ಬರೆದಿರುತ್ತಿದ್ದನು. ಸೈನ್ಯದಲ್ಲಿ ಹಿಂದಿ ಕಲಿತರೂ ಮನೆಗೆ ಕನ್ನಡವೇ. ವಿಳಾಸದಲ್ಲಿ ಊರಿನ ಹೆಸರಿರದು. ಕೇರಾಫ್ 56 ಎ.ಪಿ.ಒ. ಅಥವಾ 99 ಎ.ಪಿ.ಒ. ಎಂದಷ್ಟೇ. “56 ಅನ್ನೂ ಊರು ಎಲ್ಲೈತ್ರಿ ಮಾಸ್ತರ್ರ?” ಎಂದು ಕೇಳಿದ ತಾಯಿಗೆ, ಹಳೆಯ ಮುಖ್ಯಾಧ್ಯಾಪಕರು ಗೋಡೆಯ ಭೂಪಟದ ಬಳಿ ಕರೆದೊಯ್ದು ಕಾಶ್ಮೀರದಿಂದ ರಾಜಸ್ಥಾನದವರೆಗೆ ಕೋಲು ಎಳೆದು, “ಇದರಾಗ ಎಲ್ಲೋ ಒಂದ ಕಡೆ ಅದಾನ, ಯವ್ವಾ” ಎಂದರಂತೆ. ಆ ತಾಯಿ ಅನಂತರ ಶಾಲೆಗೆ ಬಂದಾಗಲೆಲ್ಲ ಆ ಭೂಪಟವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರೆಂದು ಅವರ ಮೊಮ್ಮಗ, ಈಗ ನಮ್ಮ ಶಾಲಾ ವ್ಯವಸ್ಥಾಪನ ಸಮಿತಿಯ ಸದಸ್ಯರು, ತಿಳಿಸಿದರು.

ಉತ್ತರ ಬರೆಯುವುದೂ ಮಾಸ್ತರರ ಕೆಲಸವೇ. ಏಳನೆಯ ಇಯತ್ತೆಯ ಜಾಣ ಹುಡುಗರಿಗೂ ಆ ಕೆಲಸ ಬೀಳುತ್ತಿತ್ತು; ಪತ್ರಲೇಖನದ ಪಾಠ ಬೇರೆ ಬೇಕಾಗಿರಲಿಲ್ಲ. ಮಳೆ ಬಿತ್ತೋ ಇಲ್ಲವೋ, ಎಮ್ಮೆ ಈಯಿತೋ ಇಲ್ಲವೋ, ಮನಿ ಆರ್ಡರು ಮುಟ್ಟಿತೋ ಇಲ್ಲವೋ ಎಂಬಷ್ಟೇ ವಿಷಯ. ಜಗಳ, ಸಾಲ, ಕಾಯಿಲೆಗಳನ್ನು ಬರೆಯಬೇಡವೆಂದು ಮನೆಯವರು ಹೇಳುತ್ತಿದ್ದರು. 1971ರ ಡಿಸೆಂಬರಿನಲ್ಲಿ ಮಾತ್ರ ಈ ಕೆಲಸ ಭಾರವಾಯಿತು. ಸಂಜೆ ಶಾಲೆಯ ರೇಡಿಯೊ ಸುತ್ತ ಊರು ನೆರೆಯುತ್ತಿತ್ತು. ಒಂದು ದಿನ ತಂತಿ ಬಂದಿತು, ಇಂಗ್ಲಿಷಿನಲ್ಲಿ. ಮುಖ್ಯಾಧ್ಯಾಪಕರು ಒಮ್ಮೆ ಓದಿ, ಮಡಚಿ ಜೇಬಿಗಿಟ್ಟುಕೊಂಡು, ತರಗತಿಯನ್ನು ಬಿಟ್ಟು ಆ ಮನೆಗೆ ತಾವೇ ನಡೆದು ಹೋದರು. ಹುಡುಗನಿಗೆ ಗಾಯವಾಗಿತ್ತು, ಜೀವಕ್ಕೆ ಅಪಾಯವಿರಲಿಲ್ಲ. ಆದರೆ ಮಾಸ್ತರರು ಮನೆಯ ಕಡೆ ಬರುವುದನ್ನು ಕಂಡೇ ತಾಯಿ ಕೈಬಳೆಗಳನ್ನು ಒಡೆದುಕೊಳ್ಳಲು ಹೋದ ಸೊಸೆಯನ್ನು ಹಿಡಿದುಕೊಂಡು ಕೂತಿದ್ದರು. ತಂತಿಯ ಸಾಲನ್ನು ಕನ್ನಡದಲ್ಲಿ ಮೂರು ಸಲ ಹೇಳಿದ ಮೇಲೆಯೇ ಅವರು ನಂಬಿದ್ದು. ಗಾಯಗೊಂಡು ಮರಳಿದ ಆ ಹುಡುಗನೇ, ಈಗ ವೃದ್ಧರಾದವರು, ತಮ್ಮ ಸಂಗ್ರಾಮ ಪದಕವನ್ನು ನಮ್ಮ ಪ್ರದರ್ಶನಕ್ಕೆ ಕೊಟ್ಟಿದ್ದಾರೆ.

ಇನ್ನು ಹೆಸರುಗಳ ವಿಷಯ. ಸೈನಿಕನ ಮನೆಗೆ ಸರ್ಕಾರ ಕೊಡುವ ಪ್ರತಿಯೊಂದು ನೆರವೂ ಕಾಗದದ ಮೂಲಕ ಬರುತ್ತದೆ. ಕಾಗದದಲ್ಲಿ ಹೆಸರು ಹೊಂದಬೇಕು. ನಮ್ಮ ಸೀಮೆಯಲ್ಲಿ ಹೆಸರು ಹೊಂದುವುದಿಲ್ಲ. ಮನೆಯಲ್ಲಿ ನೀಲವ್ವ, ರೇಷನ್ ಕಾರ್ಡಿನಲ್ಲಿ ಮರಾಠಿಯ ರೂಢಿಯಂತೆ ನೀಲಾಬಾಯಿ, ರಜೆ ಮುಗಿಸಿ ಹೋದ ಗಂಡ ಪಲ್ಟಣದ ಕಚೇರಿಯಲ್ಲಿ ಮದುವೆಯ ವಿಷಯ ಹೇಳಿದಾಗ ಉತ್ತರದೇಶದ ಗುಮಾಸ್ತ ತನ್ನ ಕಿವಿಗೆ ಕೇಳಿದಂತೆ ಬರೆದುಕೊಂಡದ್ದು ನೀಲಾದೇವಿ. ಗಂಗವ್ವ ಗಂಗೂಬಾಯಿಯಾದಳು, ಬಸಪ್ಪ ಬಸವಂತನಾದದ್ದೂ ಉಂಟು. ಗಂಡ ಬದುಕಿರುವವರೆಗೆ ಇದರಿಂದ ತೊಂದರೆಯಿಲ್ಲ. ಅವನು ತೀರಿಕೊಂಡ ಮರುದಿನ ಮೂವರು ಹೆಂಗಸರಲ್ಲಿ ನಿಜವಾದ ಹೆಂಡತಿ ಯಾರೆಂಬ ಪ್ರಶ್ನೆ ಏಳುತ್ತದೆ, ಇರುವವಳು ಒಬ್ಬಳೇ ಆದರೂ.

ಅಂಥ ಒಬ್ಬ ತಾಯಿಯ ಕಡತವನ್ನು ನಮ್ಮ ಶಿಕ್ಷಕರೊಬ್ಬರು ಎರಡೂವರೆ ವರ್ಷ ಬೆನ್ನಟ್ಟಿದರು. ಬ್ಯಾಂಕಿನವರು ಆಧಾರ್ ಹೆಸರು ಬೇರೆಯೆಂದು ಕುಟುಂಬ ಪಿಂಚಣಿಯನ್ನು ತಡೆದರು. ಒಂದು ಕಚೇರಿಯಲ್ಲಿ ಕನ್ನಡದ ಕಾಗದಗಳನ್ನು ಮುಟ್ಟಲಿಲ್ಲ. ಅನುವಾದಿಸಿ, ಪ್ರಮಾಣೀಕರಿಸಿ ತನ್ನಿರೆಂದರು. ಶಾಲೆಯ ರಜಿಸ್ಟರಿನಲ್ಲಿ ಗಂಡನ ಹೆಸರು, ಹುಟ್ಟಿದ ತಾರೀಖು ಇತ್ತು, ಆದರೆ ಆಕೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಗಂಡ ಬರೆದ ಕಾಗದಗಳಲ್ಲಿ ಸಿಗಬಹುದೇನೋ ಎಂದು ಟ್ರಂಕು ತೆಗೆಸಿದರೆ, ಎಲ್ಲ ಕಾಗದಗಳೂ ‘ತೀರ್ಥರೂಪರಿಗೆ ಶಿರಸಾಷ್ಟಾಂಗ ನಮಸ್ಕಾರಗಳು’ ಎಂದು ತೊಡಗಿ ‘ಮನೆಯವರಿಗೆಲ್ಲ ಕುಶಲ ತಿಳಿಸುವುದು’ ಎಂದು ಮುಗಿಯುತ್ತಿದ್ದವು. ಆ ಕಾಲದಲ್ಲಿ ಹೆಂಡತಿಯ ಹೆಸರನ್ನು ಕಾಗದದಲ್ಲಿ ಬರೆಯುವ ಪದ್ಧತಿಯಿರಲಿಲ್ಲ. ಕೊನೆಗೆ ತಲಾಠಿಯ ದಾಖಲೆ, ಗ್ರಾಮ ಪಂಚಾಯತಿಯ ಠರಾವು, ಮೂರೂ ಹೆಸರಿನವಳು ಒಬ್ಬಳೇ ಎಂಬ ಪ್ರತಿಜ್ಞಾಪತ್ರ, ಶಾಲೆಯ ಮುಖ್ಯಾಧ್ಯಾಪಕರ ಪತ್ರ ಇವಿಷ್ಟನ್ನೂ ಜಿಲ್ಲಾ ಸೈನಿಕ ಕಚೇರಿಯ ಮೂಲಕ ಬೆಳಗಾವಿಯ ದಾಖಲೆ ವಿಭಾಗಕ್ಕೆ ಕಳಿಸಿ, ಅಲ್ಲಿಂದ ಅದು ಅಲಹಾಬಾದಿನ ರಕ್ಷಣಾ ಪಿಂಚಣಿ ಲೆಕ್ಕಪತ್ರ ಕಚೇರಿಗೆ ಹೋಗಿ, ತಿದ್ದುಪಡಿಯ ಆದೇಶ ಬಂದಿತು. ಅಂಚೆಯಲ್ಲಿ ಬಂದ ಆ ಕಾಗದವನ್ನು ಶಿಕ್ಷಕರು ಓದಿ ಹೇಳಿದಾಗ ಆಕೆ ಕೇಳಿದ್ದು ಒಂದೇ ಮಾತು: “ಈಗರೆ ನೀಲವ್ವ ಅಂತ ಬರದಾರ ಏನ್ರಿ?” ಇಲ್ಲ, ನೀಲಾಬಾಯಿ ಎಂದು ಬರೆದಿದ್ದರು. ಅಷ್ಟಕ್ಕೆ ಕೆಲಸವಾಯಿತು. (ಇಲ್ಲಿ ಹೆಸರನ್ನು ನಾವು ಬದಲಿಸಿದ್ದೇವೆ, ಬದಲಾದ ಬಗೆ ಅದೇ.)

ಓದುಗರಲ್ಲಿ ಅನೇಕರು ಮಾಜಿ ಸೈನಿಕನೆಂದರೆ ಬಿಳಿ ಮೀಸೆಯ ಮುದುಕನನ್ನು ಕಲ್ಪಿಸಿಕೊಳ್ಳುತ್ತಾರೆ. ನಾವೂ ಹಾಗೆಯೇ ಎಣಿಸಿದ್ದೆವು. ಹದಿನೆಂಟು ಇಪ್ಪತ್ತರಲ್ಲಿ ಸೇರಿದ ಸಿಪಾಯಿ ಹದಿನೈದು ಹದಿನೇಳು ವರ್ಷ ಕಳೆದು ಬಿಡುಗಡೆಯಾಗುವಾಗ ಮೂವತ್ತೈದರ ಆಸುಪಾಸಿನಲ್ಲಿರುತ್ತಾನೆ. ಅವನ ಮಕ್ಕಳು ನಮ್ಮ ಶಾಲೆಯ ಎರಡನೆಯ, ಐದನೆಯ ಇಯತ್ತೆಯಲ್ಲಿರುತ್ತಾರೆ. ಪಂಜಾಬಿನಲ್ಲಿಯೋ ಜಮ್ಮುವಿನಲ್ಲಿಯೋ ಹಿಂದಿಯಲ್ಲಿ ಕಲಿತು ಬಂದ ಮಗುವಿಗೆ ಇಲ್ಲಿ ಒಮ್ಮೆಗೇ ಕನ್ನಡದ ಒತ್ತಕ್ಷರ, ಮರಾಠಿಯ ಪುಸ್ತಕ ಎರಡೂ ಎದುರಾಗುತ್ತವೆ. ಒಬ್ಬ ಹುಡುಗಿ ಮೊದಲ ಆರು ತಿಂಗಳು ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಅವಳಿಗೆ ಪಾಠ ಶುರುವಾದ ಅರ್ಧ ಗಂಟೆ ಮೊದಲೇ ಬಂದು ಕಾಗುಣಿತ ಕಲಿಸಿದ ಅಕ್ಕೋರು ಈ ಸಂಪುಟದಲ್ಲಿ ತಮ್ಮ ಹೆಸರು ಬೇಡವೆಂದಿದ್ದಾರೆ. ತಂದೆಯ ಕಷ್ಟ ಬೇರೆ. ಪಲ್ಟಣದಲ್ಲಿ ಇಷ್ಟು ಹೊತ್ತಿಗೆ ಇಷ್ಟು ಎಂದು ಬದುಕಿದವನು ಊರಿನ ಕಟ್ಟೆಯ ಮೇಲೆ ಕೂತು ಹೊತ್ತು ಕಳೆಯಲಾರ. ಬ್ಯಾಂಕಿನ ಕಾವಲು, ಎಸ್‌ಟಿಯ ಕೆಲಸ, ಇಲ್ಲವೆ ಪುಣೆಯ ಕಾರಖಾನೆಯ ಬಾಗಿಲು ಸಿಕ್ಕರೆ ಸರಿ. ಸಿಗದೆ ಕುಡಿತಕ್ಕೆ ಬಿದ್ದವರೂ ನಮ್ಮ ಪಟ್ಟಿಯಲ್ಲಿದ್ದಾರೆ. ಅದನ್ನು ಮುಚ್ಚಿಡುವುದರಿಂದ ಅವರ ಮನೆಯವರಿಗೆ ಉಪಕಾರವಿಲ್ಲ.

ಶಾಲೆ ಅವರಿಂದ ಪಡೆದದ್ದೇ ಹೆಚ್ಚು ಎಂದರೂ ನಡೆದೀತು. ಆಗಸ್ಟ್ 15, ಜನವರಿ 26ರ ನಮ್ಮ ಕವಾಯತು ಮತ್ತು ಲೇಜಿಮು ಸುತ್ತಿನ ಊರುಗಳಲ್ಲಿ ಹೆಸರಾಗಿದ್ದರೆ ಅದು ನಿವೃತ್ತ ಹವಾಲ್ದಾರರ ಕೃಪೆ. ಶಾಲೆಯ ಬಾವಿಯ ಕಟ್ಟೆ, ಆಟದ ಬಯಲಿನ ಸುತ್ತಲಿನ ಬೇಲಿ, 1972ರ ಬರಗಾಲದಲ್ಲಿ ಒಣಗದಂತೆ ಕೊಡದ ನೀರು ಹಾಕಿ ಉಳಿಸಿದ ಬೇವಿನ ಗಿಡಗಳು ಇವರ ಕೈಯವೇ. ಈಗಲೂ ಬೆಳಗಿನ ಐದು ಗಂಟೆಗೆ ಸಂಖ ರಸ್ತೆಯಲ್ಲಿ ಹುಡುಗರನ್ನು ಓಡಿಸುವವರು ಒಬ್ಬ ಮಾಜಿ ನಾಯಕರು. 1,600 ಮೀಟರ್ ಓಟದಲ್ಲಿ ಕೆಲವು ಸೆಕೆಂಡುಗಳಿಂದ ಸೋತು ಬಂದವರನ್ನು ಬೈಯದೆ ಮರುದಿನವೂ ಎಬ್ಬಿಸುತ್ತಾರೆ.

ಆ ಹುಡುಗರ ಮುಂದಿನ ದಾರಿ ಮಾತ್ರ ಹಿಂದಿನಂತಿಲ್ಲ. 2022ರ ಅಗ್ನಿಪಥ ಯೋಜನೆಯಲ್ಲಿ ಸೇರುವವರ ಸೇವೆ ನಾಲ್ಕು ವರ್ಷ. ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬ ಮುಂದುವರಿಯುತ್ತಾನೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿಯೊಂದಿಗೆ ಮರಳುತ್ತಾರೆ, ಪಿಂಚಣಿಯಾಗಲಿ ಮಾಜಿ ಸೈನಿಕರ ಆರೋಗ್ಯ ಯೋಜನೆಯಾಗಲಿ ಅವರಿಗಿಲ್ಲ. ಯೋಜನೆಯ ಒಳಿತು ಕೆಡುಕುಗಳ ಚರ್ಚೆ ಈ ಸಂಪುಟದ ಕೆಲಸವಲ್ಲ. ಆದರೆ ನಾಲ್ಕು ವರ್ಷಕ್ಕೆ ಮರಳಿದವರನ್ನು ನಮ್ಮ ಊರು ಒಮ್ಮೆ ಕಂಡಿದೆ, ಕಂಡೂ ಕಾಣದಂತಿದ್ದಿತು ಎಂಬುದನ್ನು ಪಾಲಕರು ನೆನಪಿಡಬೇಕೆಂದು ನಮ್ಮ ವಿನಂತಿ.

ಗಡಿಯವರಾದ ನಮಗೆ ಇನ್ನೊಂದು ತೊಡಕಿದೆ. ಮಾಜಿ ಸೈನಿಕರ ಆರೋಗ್ಯ ಯೋಜನೆ 2003ರ ಏಪ್ರಿಲ್‌ನಿಂದ ನಡೆದಿದೆ. ಚಿಕಿತ್ಸೆ ಸಿಗುತ್ತದೆ, ಆದರೆ ದವಾಖಾನೆ ದೂರ. ನಮಗೆ ವಿಜಯಪುರ ಹತ್ತಿರ, ಸಾಂಗಲಿ ಅದಕ್ಕಿಂತ ಬಹಳ ದೂರ. ರಾಜ್ಯ ಸರ್ಕಾರದ ನೆರವಿನ ಪ್ರತಿಯೊಂದು ಅರ್ಜಿಗೂ ಸಾಂಗಲಿಗೇ ಹೋಗಬೇಕು, ಅದೂ ಮರಾಠಿಯಲ್ಲಿ ಬರೆದುಕೊಂಡು. ಸೈನಿಕ ಶಾಲೆಯ ವಿಷಯವೂ ಹೀಗೆಯೇ. 1963ರಿಂದ ವಿಜಯಪುರದಲ್ಲಿ ಒಂದಿದೆ. ಆದರೆ ನಮ್ಮ ಮಕ್ಕಳ ಸ್ವಂತ ರಾಜ್ಯದ ಶಾಲೆಯೆಂದರೆ 1961ರಲ್ಲಿ ತೆರೆದ ಸಾತಾರಾದ್ದು. ಆರನೆಯ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಬಹುದೆಂಬುದು, ಸೈನಿಕರ ಮತ್ತು ಮಾಜಿ ಸೈನಿಕರ ಮಕ್ಕಳಿಗೆ ಸ್ಥಾನಗಳು ಮೀಸಲಿವೆ ಎಂಬುದು ನಮ್ಮ ಪಾಲಕರಲ್ಲಿ ಬಹುತೇಕರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಇಬ್ಬರು ಅರ್ಜಿ ಹಾಕಿದ್ದಾರೆ.

ಕಾಗದ ಓದುವ ಕೆಲಸವೂ ನಿಂತಿಲ್ಲ, ರೂಪ ಬದಲಿಸಿದೆ ಅಷ್ಟೆ. ಪ್ರತಿ ನವೆಂಬರಿನಲ್ಲಿ ಪಿಂಚಣಿದಾರರು ತಾವು ಬದುಕಿದ್ದೇವೆಂದು ದಾಖಲೆ ಕೊಡಬೇಕು. ಹಿಂದೆ ಬ್ಯಾಂಕಿಗೆ ಹೋಗಿ ಹೆಬ್ಬೆಟ್ಟು ಒತ್ತಿದರೆ ಮುಗಿಯುತ್ತಿತ್ತು. ಈಗ ಸ್ಪರ್ಶ್ ಎಂಬ ಗಣಕ ವ್ಯವಸ್ಥೆ, ಮೊಬೈಲಿನಲ್ಲಿ ಮುಖ ತೋರಿಸುವ ಜೀವನ ಪ್ರಮಾಣ. ಹೊಲದ ಕೆಲಸದಲ್ಲಿ ಸವೆದ ಬೆರಳಿನ ಗೆರೆಗಳು ಯಂತ್ರಕ್ಕೆ ಕಾಣಿಸವು. ಮುಖ ತೋರಿಸಲು ಹೋದರೆ, ಸೆರಗು ಸರಿಸಿ ಕಣ್ಣು ಮಿಟುಕಿಸಿರೆಂಬ ಇಂಗ್ಲಿಷ್ ಸೂಚನೆ ತಿಳಿಯದು. ಕಳೆದ ನವೆಂಬರಿನಿಂದ ಶನಿವಾರಗಳಂದು ಮಧ್ಯಾಹ್ನ ನಮ್ಮ ಕಂಪ್ಯೂಟರ್ ಕೋಣೆಯನ್ನು ಇದಕ್ಕಾಗಿ ತೆರೆದಿಡುತ್ತಿದ್ದೇವೆ. ದೊಡ್ಡ ತರಗತಿಯ ಮಕ್ಕಳು, “ಅಜ್ಜಿ, ಈಗ ಕಣ್ಣ ಮುಚ್ಚಿ ತಗೀರಿ” ಎಂದು ಹೇಳಿಕೊಡುತ್ತಾರೆ.

ಈ ಸಂಪುಟದ ಕೊನೆಯಲ್ಲಿ ಸೈನಿಕರ ಪಟ್ಟಿಯನ್ನು, ಅವರ ಹಾಗೂ ಅವರ ಮನೆಯವರ ಒಪ್ಪಿಗೆಯೊಂದಿಗೆ, ಎರಡು ಅಂಕಣಗಳಲ್ಲಿ ಕೊಟ್ಟಿದ್ದೇವೆ. ಎಡಗಡೆ ನಮ್ಮ ರಜಿಸ್ಟರಿನಲ್ಲಿರುವ ಕನ್ನಡದ ಹೆಸರು, ಬಲಗಡೆ ಸೈನ್ಯದ ದಾಖಲೆಯಲ್ಲಿರುವ ಹೆಸರು. ಹೊಂದದವುಗಳ ಮುಂದೆ ನಕ್ಷತ್ರದ ಗುರುತಿದೆ; ಅವರಲ್ಲಿ ಬದುಕಿರುವವರು ತಮ್ಮ ಡಿಸ್ಚಾರ್ಜ್ ಪುಸ್ತಕ ಮತ್ತು ಆಧಾರ್ ಪತ್ರಗಳೊಂದಿಗೆ ಯಾವುದಾದರೂ ಶನಿವಾರ ಶಾಲೆಗೆ ಬರಬೇಕು, ಹೆಂಡತಿಯನ್ನೂ ಕರೆದುಕೊಂಡು. ಪಟ್ಟಿ ಮುದ್ರಣಕ್ಕೆ ಹೋಗುವ ಹಿಂದಿನ ವಾರ ‘ಇಟಲಿ ಮುತ್ಯಾ’ರ ಮೊಮ್ಮಗಳು ಪಕ್ಕದ ಊರಿನಿಂದ ಬಂದು, ಅಜ್ಜನ ಬಿಡುಗಡೆ ಪತ್ರವನ್ನು ಬಟ್ಟೆಯಿಂದ ಬಿಚ್ಚಿ ಮೇಜಿನ ಮೇಲಿಟ್ಟಳು. ರಜಿಸ್ಟರಿನ ಮೊದಲ ಸಂಪುಟ ತೆಗೆದು ಹುಡುಕಿದೆವು. ಅವರ ಹೆಸರು ಸಿಕ್ಕಿತು. ಬಿಟ್ಟ ಕಾರಣ, ಪರಸ್ಥಳಕ್ಕೆ.